ಸೀಟಿ ಬೀರಣ್ಣನ ನವೆ

ಬೀರಲಿಂಗಯ್ಯನನ್ನು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವರು ಅವನ ಬಸ್ಸಿನ ಡ್ರೈವರ್ ಒಬ್ಬರೇ. ಉಳಿದ ನಮಗೆಲ್ಲ ಅವನು ಸೀಟಿ ಬೀರಣ್ಣ. ತಿಪಟೂರಿನಿಂದ ಹೊರಟು ತುರುವೇಕೆರೆ, ದಂಡಿನಶಿವರದ ಮೇಲೆ ಅಮ್ಮಸಂದ್ರಕ್ಕೆ ಹೋಗುತ್ತಿದ್ದ ಪ್ರೈವೇಟ್ ಬಸ್ಸಿಗೆ ಅವನು ಕಂಡಕ್ಟರ್. ನಾನು ಅಮ್ಮಸಂದ್ರದ ಪ್ರೈಮರಿ ಶಾಲೆಯಲ್ಲಿ ಮೇಡಂ, ದಿನಾ ತುರುವೇಕೆರೆಯಲ್ಲಿ ಹತ್ತುವವಳು. ನನ್ನ ಹೆಸರು ದ್ರಾಕ್ಷಾಯಣಮ್ಮ ಎನ್ನುವುದೂ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದೂ ಆ ರೂಟಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಬೀರಣ್ಣನ ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಒಂದು ಹಿತ್ತಾಳೆ ಸೀಟಿ. ಅದು ಬಾಯಲ್ಲಿದ್ದರೆ ಅವನಂಥ ಗಟ್ಟಿಗ ಇಲ್ಲ. ಉದ್ದಕ್ಕೆ ಒಂದು ಸಲ ಊದಿದರೆ ನಿಲ್ಲು, ಚಿಕ್ಕದಾಗಿ ಎರಡು ಸಲ ಊದಿದರೆ ರೈಟ್, ಇದು ಎಲ್ಲ ಕಂಡಕ್ಟರುಗಳ ಭಾಷೆ. ಬೀರಣ್ಣನದು ಅದಕ್ಕಿಂತ ದೊಡ್ಡ ವ್ಯಾಕರಣ. ತೆಂಗಿನಕಾಯಿ ಮೂಟೆಯನ್ನು ಬಾಗಿಲಲ್ಲೇ ಇಟ್ಟವನಿಗೆ ಒಂದು ಬಗೆಯ ಗದರಿಕೆ, ಸೊಂಟ ಹಿಡಿದುಕೊಂಡು ಇಳಿಯುವ ಅಜ್ಜಿಗೆ ಇನ್ನೊಂದು ಬಗೆಯ ಮೆತ್ತನೆಯ ಸದ್ದು. ಸೀಟಿ ಬಾಯಿಂದ ತೆಗೆದರೆ ಮಾತ್ರ ಅವನ ನಾಲಿಗೆ ಒಳಕ್ಕೆ ಹೋಗಿಬಿಡುತ್ತಿತ್ತು. ಅದರಲ್ಲೂ ಹೆಂಗಸರ ಹತ್ತಿರ ಟಿಕೆಟ್ ಎನ್ನುವುದಕ್ಕೂ ಅವನಿಗೆ ನಾಚಿಕೆ, ಸುಮ್ಮನೆ ಕೈ ಚಾಚುತ್ತಿದ್ದ.

ನನ್ನ ಪಕ್ಕ ದಿನಾ ಕೂರುತ್ತಿದ್ದವಳು ಸಿದ್ದಗಂಗಮ್ಮ. ನಾವು ಗಂಗ ಎನ್ನುತ್ತಿದ್ದೆವು. ಅಮ್ಮಸಂದ್ರದ ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿಸುತ್ತಿದ್ದಳು. ನಾನು ಟಿಫನ್ ಡಬ್ಬಿ ಹಿಡಿದು ಏದುಸಿರು ಬಿಡುತ್ತ ಓಡಿ ಬಂದರೂ ನನ್ನ ಮುಖದ ಮುಂದೆಯೇ ರೈಟ್ ಊದುತ್ತಿದ್ದ ಮಹಾಶಯ, ಗಂಗ ಇನ್ನೂ ಬೀದಿಯ ತಿರುವಿನಲ್ಲಿದ್ದರೂ ಬಸ್ಸನ್ನು ನಿಲ್ಲಿಸಿಕೊಂಡು, ಟೈರಿಗೆ ಗಾಳಿ ಕಡಿಮೆ ಇದೆಯೇ ಎಂದು ಒದ್ದು ಒದ್ದು ನೋಡುತ್ತಿದ್ದ. ಅವಳು ಬಂದು ಕುಳಿತ ಮೇಲೆ ಟೈರಿಗೆ ತಾನೇ ಗಾಳಿ ತುಂಬಿಕೊಂಡುಬಿಡುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಅವನ ತಾಯಿ ಸಿದ್ದಮ್ಮ, ಗಂಗಳ ತಂದೆ ಹುಚ್ಚಣ್ಣನವರಿಗೆ ಹೇಳಿಕಳಿಸಿದರು. ಹುಚ್ಚಣ್ಣ ಒಂದು ಸೋಮವಾರ ಹುಡುಗನ ಮನೆ ನೋಡಲು ಬರುವುದಾಗಿ ಒಪ್ಪಿಕೊಂಡರು. ಈ ಸುದ್ದಿಯನ್ನು ಗಂಗ ಬಸ್ಸಿನ ಸದ್ದಿನ ಮರೆಯಲ್ಲಿ ನನ್ನ ಕಿವಿಗೆ ಹಾಕಿದಳು.

"ನಂಗೆ ಒಪ್ಗೆ ಐತೆ ಅಕ್ಕ. ಆದ್ರೆ ಅವರು ನನ್ನ ಜೊತೆ ಇವತ್ತಿನ ತಂಕ ಒಂದ್ ಮಾತೂ ಆಡಿಲ್ಲ. ಅವರಿಗೇ ಬೇಕಾಗಿ ಕೇಳ್ತಾ ಅವ್ರೋ, ಅವರವ್ವ ಹೇಳ್ತು ಅಂತ ತಲೆ ಆಡಿಸ್ತಾ ಅವ್ರೋ, ಹೆಂಗೆ ತಿಳ್ಕಳ್ಳಾದು? ಒಂದ್ ಮಾತು ಸಾಕಾಗಿತ್ತು."

ಆ ಒಂದು ಮಾತು ಬರುವ ಮೊದಲು ಅಮ್ಮ ಬಂದಳು.

ಅದು ಎಪ್ಪತ್ತೆಂಟನೇ ಇಸವಿ. ಸಿಡುಬು ನಮ್ಮ ದೇಶದಿಂದ ತೊಲಗಿದೆ ಎಂದು ಸರ್ಕಾರದವರು ಊರೂರ ಗೋಡೆಗಳ ಮೇಲೆ ಬರೆಸಿದ್ದರು. ತೊಲಗಿದ್ದು ದೊಡ್ಡ ಸಿಡುಬು. ಅದರ ತಂಗಿ ಸೀತಾಳೆ ಸಿಡುಬು ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಶಾಲೆಯಲ್ಲೇ ಅರ್ಧ ಮಕ್ಕಳು ಮೈತುಂಬ ನೀರುಗುಳ್ಳೆ ಎದ್ದು ಮನೆಯಲ್ಲಿ ಮಲಗಿದ್ದವು. ಜನರಿಗೆ ಎರಡೂ ಅಮ್ಮನೇ. ಒಂದು ಗುರುವಾರ ಬಸ್ಸಿನಲ್ಲಿ ಬೇರೆ ಯಾರೋ ಬದಲಿ ಕಂಡಕ್ಟರ್ ನಿಂತಿದ್ದು ನೋಡಿ, ಏನಾಯಿತೆಂದು ಡ್ರೈವರನ್ನು ಕೇಳಿದೆ.

ಡ್ರೈವರ್ ಮರುಳಸಿದ್ದಯ್ಯನವರು ಹಣೆತುಂಬ ವಿಭೂತಿ ಇಟ್ಟುಕೊಳ್ಳುವ ಹಿರಿಯರು. ಬಹುವಚನ ಬಿಟ್ಟು ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ರಸ್ತೆಗೆ ಅಡ್ಡ ಬಂದ ಎಮ್ಮೆಗೂ "ಸ್ವಲ್ಪ ಸರೀರಮ್ಮ" ಎನ್ನುತ್ತಿದ್ದರು.

"ಬೀರಲಿಂಗಯ್ಯನವ್ರಿಗೆ ತಾಯಿಯವ್ರು ದಯಮಾಡ್ಸವ್ರೆ ಮೇಡಮ್ಮೋರೇ," ಎಂದರು.

ಬೀರಣ್ಣನ ಮನೆ ದಂಡಿನಶಿವರದ ಈಚೆಗೆ, ರಸ್ತೆಗೇ ಮುಖ ಮಾಡಿಕೊಂಡು, ತೆಂಗಿನ ತೋಟದ ಅಂಚಿನಲ್ಲಿ ಇತ್ತು. ಬಸ್ಸು ಅಲ್ಲಿ ನಿಂತಿತು. ಬಾಗಿಲಿಗೆ ಬೇವಿನ ಸೊಪ್ಪಿನ ಗೊಂಚಲು. ಸಿದ್ದಮ್ಮ ಹೊರಗೆ ಬಂದು ಎರಡೂ ಕೈ ಅಡ್ಡ ಹಿಡಿದರು.

"ಯಾರೂ ಹತ್ರಕ್ ಬರ್ಬೇಡ್ರಪ್ಪ. ಮೈತುಂಬ ಮುತ್ತು ಸುರಿದವಳೆ ನಮ್ಮವ್ವ."

ಆ ಮನೆಯಲ್ಲಿ ಒಗ್ಗರಣೆ ನಿಂತಿತು, ಬಾಚಣಿಗೆ ನಿಂತಿತು, ಬೀರಣ್ಣನ ಕ್ಷೌರ ನಿಂತಿತು. ಔಷಧಿಯ ಮಾತಂತೂ ಎತ್ತುವ ಹಾಗೇ ಇಲ್ಲ. ಮೈಗೆ ಬಟ್ಟೆ ತಾಕಿದರೆ ಉರಿಯುತ್ತದೆಂದು ಸಿದ್ದಮ್ಮ ತಮ್ಮ ಹಳೆಯ ಮೆತ್ತನೆಯ ನೂಲಿನ ಸೀರೆಯನ್ನೇ ಮಗನಿಗೆ ತಲೆಯಿಂದ ಕಾಲಿನವರೆಗೆ ಸುತ್ತಿದ್ದರು. ಅಮ್ಮ ಮೈಮೇಲೆ ಇರುವಷ್ಟು ದಿನ ಅವನು ಮಗನಲ್ಲ, ಅಮ್ಮನೇ. ಹಾಗಾಗಿ ಆರಡಿ ಎತ್ತರದ, ಹುರಿಮೀಸೆಯ ಆ ಗಂಡಸನ್ನು ಸಿದ್ದಮ್ಮ, "ಏಳಮ್ಮ, ಒಂದು ಗುಟುಕು ಎಳನೀರು ಕುಡಿ ನಮ್ಮವ್ವ, ಜಾಣೆ ಅಲ್ವಾ," ಎಂದು ಮುದ್ದು ಮಾಡುತ್ತಿದ್ದರು. ಕಿಟಕಿಯಿಂದ ಇದು ಬಸ್ಸಿಗೆಲ್ಲ ಕೇಳಿಸುತ್ತಿತ್ತು. ಗಂಗ ಸೆರಗು ಬಾಯಿಗೆ ತುರುಕಿಕೊಂಡು ನನ್ನ ಭುಜದ ಮೇಲೆ ಬಿದ್ದು ನಕ್ಕಳು.

ದೊಡ್ಡವರಿಗೆ ಬಂದರೆ ಸೀತಾಳೆ ಮಕ್ಕಳಿಗೆ ಬಂದ ಹಾಗೆ ಸುಮ್ಮನೆ ಹೋಗುವುದಿಲ್ಲ. ನವೆ ಎಂದರೆ ನವೆ. ಕೆರೆದುಕೊಳ್ಳಬಾರದೆಂದು ಸಿದ್ದಮ್ಮ ಅವನ ಎರಡೂ ಕೈಗೆ ಬಟ್ಟೆ ಸುತ್ತಿಬಿಟ್ಟಿದ್ದರು. ಕೈ ಕಟ್ಟಿದರೆ ಬಾಯಿ ಇದೆಯಲ್ಲ. ನವೆ ತಡೆಯಲಾರದಾದಾಗಲೆಲ್ಲ ಬೀರಣ್ಣ ಸೀಟಿ ಊದತೊಡಗಿದ. ಬೆನ್ನಿಗೆ ಬಂದರೆ ಉದ್ದಕ್ಕೆ, ಅಂಗಾಲಿಗೆ ಬಂದರೆ ತುಂಡು ತುಂಡಾಗಿ. ಬಸ್ಸು ಬಂತೆಂದು ಜನ ಚೀಲ ಹಿಡಿದು ರಸ್ತೆಗೆ ಓಡಿಬರುವುದು, ಬಸ್ಸಿಲ್ಲದೆ ಬೈದುಕೊಂಡು ಹಿಂದಕ್ಕೆ ಹೋಗುವುದು, ಇದೇ ಆಯಿತು. ತೋಟದಲ್ಲಿ ಕಾಯಿ ಕೀಳಲು ಹತ್ತಿದ್ದವನೊಬ್ಬ ತಿಪಟೂರಿಗೆ ಹೋಗಬೇಕಿತ್ತಂತೆ, ಅವಸರದಲ್ಲಿ ಮರದಿಂದ ಜಾರಿ ಎದೆಯೆಲ್ಲ ತರಚಿಕೊಂಡ. "ಈ ಮನೇಗೆ ಅವಳು ಬಂದವಳೋ, ಬಸ್ ಸ್ಟ್ಯಾಂಡ್ ಬಂದೈತೋ," ಎಂದು ಪಕ್ಕದ ಮನೆಯ ಚಿಕ್ಕರಂಗಯ್ಯ ಕೇಳಿದನಂತೆ.

ನನಗೆ ತಡೆದುಕೊಳ್ಳಲಾಗಲಿಲ್ಲ. "ನವೆಗೆ ಮಾತ್ರೆ ಇದೆ ಮರುಳಸಿದ್ದಯ್ಯನವರೇ, ಹೋಗಿ ಡಾಕ್ಟರನ್ನು ಕೇಳಿ," ಎಂದು ಅವರ ಬೆನ್ನು ಹತ್ತಿದೆ. ನಾನು ಹಿಂದಿನ ಸೀಟಿನಲ್ಲಿ ಕುಳಿತು ಒಂದೇ ಸಮನೆ ಗೊಣಗಿದರೆ ಸ್ಟಿಯರಿಂಗ್ ನೆಟ್ಟಗೆ ನಿಲ್ಲುವುದಿಲ್ಲವೆಂದು ಅವರು ತುರುವೇಕೆರೆಯ ಡಾಕ್ಟರ ಹತ್ತಿರ ಹೋಗಿಬಂದರು. ಡಾಕ್ಟರು ವಿವರವೆಲ್ಲ ಕೇಳಿ ಚಿಕ್ಕ ಹಳದಿ ಮಾತ್ರೆಗಳನ್ನು ಕೊಟ್ಟಿದ್ದರು. ಇದು ಅಮ್ಮನನ್ನು ಓಡಿಸುವ ಔಷಧಿಯಲ್ಲ, ಅವಳು ತನ್ನ ಸಮಯಕ್ಕೆ ತಾನು ಹೋಗುತ್ತಾಳೆ, ಇದು ನವೆಯನ್ನು ತಗ್ಗಿಸುತ್ತದೆ ಅಷ್ಟೆ. ಕೆರೆದುಕೊಂಡರೆ ಕೀವಾಗಿ ಕಲೆ ಉಳಿಯುತ್ತದೆ, ಉಗುರು ಕತ್ತರಿಸಲಿ. ಮಾತ್ರೆ ನುಂಗಿದರೆ ತೂಕಡಿಕೆ ಬರುತ್ತದೆ, ನುಂಗಿದವರು ಗಾಡಿ ಓಡಿಸಬಾರದು. ಕೊನೆಯ ಮಾತೊಂದು ಮರುಳಸಿದ್ದಯ್ಯನವರ ತಲೆಯಲ್ಲಿ ಗಟ್ಟಿಯಾಗಿ ಕುಳಿತು, ಆ ಪೊಟ್ಟಣವನ್ನು ಅವರು ಎರಡೇ ಬೆರಳಲ್ಲಿ, ಮೈಯಿಂದ ದೂರಕ್ಕೆ ಹಿಡಿದುಕೊಂಡು ಬಂದರು. ಮುಟ್ಟಿದರೆ ನಿದ್ದೆ ಬಂದೀತೆಂದು ಭಯ.

ಸಿದ್ದಮ್ಮನ ಕಣ್ಣು ತಪ್ಪಿಸುವುದು ಹೇಗೆ? ಅದಕ್ಕೂ ನಾನೇ ಉಪಾಯ ಹೇಳಿಕೊಟ್ಟೆ. ಮರುಳಸಿದ್ದಯ್ಯನವರು ದಿನಾ ಬೆಳಿಗ್ಗೆ ಅಮ್ಮನಿಗೆಂದು ಒಂದು ಚಿಪ್ಪು ಪುಟ್ಟಬಾಳೆಹಣ್ಣು ಒಪ್ಪಿಸುವುದು, ಚಿಪ್ಪಿನ ಕೊನೆಯ ಹಣ್ಣನ್ನು ಸೀಳಿ ಆ ದಿನದ ಮಾತ್ರೆಯನ್ನು ಅದರೊಳಗೆ ಇಡುವುದು. ಬೀರಣ್ಣನಿಗೆ ಕಣ್ಸನ್ನೆಯಲ್ಲೇ ಅರ್ಥವಾಯಿತು. ಸಿದ್ದಮ್ಮನಿಗೋ ಡ್ರೈವರರ ಭಕ್ತಿ ಕಂಡು ಕಣ್ಣು ತುಂಬಿ ಬಂತು.

ಸೀಟಿ ನಿಂತಿತು. ಸಿದ್ದಮ್ಮನ ಪ್ರಕಾರ ಅಮ್ಮ ಹಣ್ಣಿಗೆ ಒಲಿದಿದ್ದಳು. ಬೀರಣ್ಣ ಕಿಟಕಿಯ ಪಕ್ಕದ ಗೋಡೆಗೆ ಒರಗಿ, ಸೀರೆ ಹೊದ್ದು, ಸೀಟಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದ. ಒಂದು ಸಂಜೆ ನಾವು ಹೇಗಿದ್ದಾನೆಂದು ನೋಡಲು ಮನೆಯ ಮುಂದೆ ನಿಂತಿದ್ದೆವು. ಬಸ್ಸಿನ ಇಂಜಿನ್ನು ಗುರ್ ಎನ್ನುತ್ತಿತ್ತು. ಮುಚ್ಚಿದ ಕಣ್ಣು ತೆರೆಯದೆ, ಗೊರಕೆಯ ನಡುವೆಯೇ ಬೀರಣ್ಣ ಎರಡು ಸಲ ಊದಿಬಿಟ್ಟ. ಮರುಳಸಿದ್ದಯ್ಯನವರ ಕಾಲು ಅಭ್ಯಾಸಬಲದಿಂದ ಕ್ಲಚ್ ಒತ್ತಿತು, ಬಸ್ಸು ಹೊರಟೇ ಹೋಯಿತು. ಎಲೆಅಡಿಕೆ ಉಗಿಯಲು ಇಳಿದಿದ್ದ ಬದಲಿ ಕಂಡಕ್ಟರ್ ಅರ್ಧ ಮೈಲಿ ಓಡಿಬಂದ.

ಇನ್ನು ಸೋಮವಾರದ ಮಾತು. ಶನಿವಾರ ಸಿದ್ದಮ್ಮ ಡ್ರೈವರಿಗೆ ಹೇಳಿದ್ದು ಇಷ್ಟು: "ಹುಚ್ಚಣ್ಣಂಗೆ ಹೇಳ್ಬುಡಿ ಸ್ವಾಮಿ, ನಮ್ಮನೇಗೆ ಅಮ್ಮ ಬಂದವಳೆ, ಸೋಮವಾರ ಬರಾದು ಬ್ಯಾಡ. ಅವಳು ಇಳಿದ್ಮ್ಯಾಕೆ ಹೇಳಿ ಕಳಿಸ್ತೀವಿ."

ಯಾರಿಗೂ ತಪ್ಪಾಗಿ ತಿಳಿಯದ ಮಾತು. ಆದರೆ ಮರುಳಸಿದ್ದಯ್ಯನವರ ಬಾಯಲ್ಲಿ ದೇವರಿಗೆ ಏಕವಚನ ಹೊರಡುವುದಿಲ್ಲ. ಅವರು ತುರುವೇಕೆರೆಯಲ್ಲಿ ಹುಚ್ಚಣ್ಣನವರ ಮುಂದೆ ನಿಂತು ವಿನಯವಾಗಿ ಹೇಳಿದರು: "ಬೀರಲಿಂಗಯ್ಯನವ್ರ ಮನೇಗೆ ಅಮ್ಮಾವ್ರು ಬಂದವ್ರೆ. ಸೋಮವಾರ ತಾವು ಬರೋದು ಬ್ಯಾಡ್ವಂತೆ. ಅಮ್ಮಾವ್ರು ಹೋದ್ಮೇಲೆ ಹೇಳಿ ಕಳಿಸ್ತಾರಂತೆ."

ಅಮ್ಮ 'ಬಂದವಳೆ' ಎಂದರೆ ಸಿಡುಬು. ಅಮ್ಮಾವ್ರು 'ಬಂದವ್ರೆ' ಎಂದರೆ ಮನೆಯ ಯಜಮಾನಿ. ಇದು ನಮ್ಮ ಕಡೆ ಹಾಲುಗಲ್ಲದ ಮಗುವಿಗೂ ಗೊತ್ತು.

ಹುಚ್ಚಣ್ಣನವರು ತೆಂಗಿನ ಸಸಿ ಮಾಡಿ ಮಾರುವವರು. ಬೀಜದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ, ಒಳಗೆ ನೀರೆಷ್ಟಿದೆ, ಮೊಳಕೆ ಬರುತ್ತದೋ ಇಲ್ಲವೋ ಹೇಳುತ್ತಿದ್ದರು. ಮನುಷ್ಯರ ಮಾತನ್ನೂ ಅವರು ಹಾಗೇ ಕುಲುಕಿ ನೋಡುತ್ತಿದ್ದರು. ಹೇಳಿಕಳಿಸಿದವರು ಹುಡುಗನ ತಾಯಿ. ಹಾಗಾದರೆ ಬಂದಿರುವ ಅಮ್ಮಾವ್ರು ತಾಯಿಯಲ್ಲ. ಕಂಡಕ್ಟರನ ಮನೆಗೆ ಇನ್ನಾವ ಅಮ್ಮಾವ್ರು? ಅವಳು ಇರುವಾಗ ಹೆಣ್ಣಿನ ಕಡೆಯವರು ಯಾಕೆ ಬರಬಾರದು? ಕಾಯಿಯೊಳಗೆ ಏನೋ ಲಟಲಟ ಎಂದಿತು. ಅವರು ಸೋಮವಾರವೇ ಯಾರಿಗೂ ಹೇಳದೆ ಹೊರಟರು.

ಅವರು ಹೋದ ಹೊತ್ತಿಗೆ ಸರಿಯಾಗಿ ಬಾಗಿಲ ಬೇವಿನ ಗೊಂಚಲನ್ನು ಸಿದ್ದಮ್ಮನ ಮೇಕೆಮರಿ ಒಂದೆಲೆ ಬಿಡದೆ ಮೇಯ್ದು ಮುಗಿಸಿತ್ತು. ಬೇರೆ ಸೊಪ್ಪು ತರಲು ಸಿದ್ದಮ್ಮ ತೋಟದ ಕಡೆ ಹೋಗಿದ್ದರು. ಹುಚ್ಚಣ್ಣ ಬಾಗಿಲಲ್ಲಿ ಬಗ್ಗಿ ನೋಡಿದರೆ, ಒಳಗೆ ಗೋಡೆಯ ಕಡೆ ಮುಖ ಮಾಡಿ, ತಲೆತುಂಬ ಸೀರೆ ಹೊದ್ದು, ನೆಮ್ಮದಿಯಾಗಿ ಒಂದು ಜೀವ ಮಲಗಿದೆ. ಮಾತ್ರೆ ನುಂಗಿದ ಬೀರಣ್ಣನನ್ನು ಎಬ್ಬಿಸುವುದು ಯಾರಿಂದ ಆಗುತ್ತದೆ?

ಪಕ್ಕದ ಅಂಗಳದಲ್ಲಿ ಚಿಕ್ಕರಂಗಯ್ಯ ಕಾಯಿ ಸುಲಿಯುತ್ತಿದ್ದ. ಹೆಸರೆತ್ತಿದರೆ ತನ್ನ ಮನೆಗೂ ಬಂದಾಳು ಎಂಬ ಹೆದರಿಕೆಯಿಂದ ಅವನು ಅಮ್ಮ ಎನ್ನುವ ಪದವನ್ನು ನಾಲ್ಕು ದಿನದಿಂದ ಬಾಯಿಗೆ ತಂದಿರಲಿಲ್ಲ. ಅವರಿಬ್ಬರ ಮಾತುಕತೆಯನ್ನು ಆಮೇಲೆ ಚಿಕ್ಕರಂಗಯ್ಯನೇ ನನಗೆ ಹೇಳಿದ.

"ಒಳಗೆ ಮಲಗಿರಾದು ಯಾರಪ್ಪ?"

"ಇನ್ಯಾರು, ಅವಳೇ ಕಣಣ್ಣ."

"ಯಾವಾಗ ಬಂದ್ಲು?"

"ಗುರುವಾರ ಬಂದ್ಲು."

"ಯಾರು ಕರೆಸಿದ್ರು?"

"ಅವಳನ್ನ ಯಾರಣ್ಣ ಕರೆಸ್ತಾರೆ, ತಾನಾಗೇ ಬತ್ತಾಳೆ. ಬೀರಣ್ಣನ ಮ್ಯಾಲೆ ಅದೆಂಗೆ ಆಸೆ ಆಯ್ತೋ, ಹಿಡ್ಕಂಡೋಳು ಬುಡ್ತಾನೇ ಇಲ್ಲ."

"ಅವನ ತಾಯಿ ಏನೂ ಅನ್ನಲ್ವಾ?"

"ಅನ್ನಾದೇನು, ಕೈಮುಗ್ಕಂಡು ಸೇವೆ ಮಾಡ್ತಾವಳೆ. ಅವಳು ಸಿಟ್ಟಾದ್ರೆ ಗತಿ ಏನು?"

"ಮುಂಚೆನೂ ಬಂದಿದ್ಲಾ?"

"ಇವನ ತಾವ್ಕೆ ಇದೇ ಮೊದಲು. ನಾನು ಹುಡುಗ ಆಗಿದ್ದಾಗ ನನ್ನ ತಾವ್ಕೂ ಬಂದಿದ್ಲು, ನಮ್ಮಣ್ಣನ ತಾವ್ಕೂ ಬಂದಿದ್ಲು. ಈ ಊರ್ನಾಗೆ ಅವಳು ಹೋಗದೇ ಇರೋ ಮನೆ ಯಾವುದೈತೆ ಬುಡಿ."

ಹುಚ್ಚಣ್ಣ ಹೆಗಲ ಟವಲನ್ನು ಒಮ್ಮೆ ಕೊಡವಿ, ಹಿಂದಿರುಗಿ ನೋಡದೆ ನಡೆದರು. ಬಸ್ಸಿಗೂ ಕಾಯಲಿಲ್ಲ.

ಮಾರನೆಯ ದಿನ ಬಸ್ಸಿನಲ್ಲಿ ಗಂಗಳ ಕಣ್ಣು ಊದಿಕೊಂಡಿದ್ದವು. ಸಂಬಂಧ ಮುರಿದಿದೆ, ಚಿಕ್ಕನಾಯಕನಹಳ್ಳಿ ಕಡೆಯ ಇನ್ನೊಂದು ಗಂಡಿನವರು ಬರುವ ಭಾನುವಾರ ಬರುತ್ತಾರೆ, ಅಪ್ಪ ಮಾತು ಕೊಟ್ಟಾಗಿದೆ ಎಂದಳು. ಅಪ್ಪ ಕಂಡಿದ್ದನ್ನೂ ಕೇಳಿದ್ದನ್ನೂ ಅವಳು ಬಿಕ್ಕುತ್ತ ಹೇಳಿದಳು. ಚಿಕ್ಕರಂಗಯ್ಯನ ಅಣ್ಣನ ತನಕ ಬರುವಷ್ಟರಲ್ಲಿ ನನಗೆ ನಗು ಕಟ್ಟೆಯೊಡೆದು ಟಿಫನ್ ಡಬ್ಬಿ ಕೆಳಗೆ ಬಿದ್ದು ಚಿತ್ರಾನ್ನವೆಲ್ಲ ಚೆಲ್ಲಿಹೋಯಿತು. ಅವಳು ಇನ್ನೂ ಜೋರಾಗಿ ಅತ್ತಳು. ಇನ್ನೊಬ್ಬಳು ಹೆಂಗಸು ಎಂಬ ಮಾತಿಗೇ ತಲೆ ಕೆಟ್ಟು ಅವಳಿಗೆ ತಾನೇ ನೋಡಿ ನಕ್ಕಿದ್ದ ಸೀರೆಯೂ ನೆನಪಾಗಿರಲಿಲ್ಲ, ನಾನು ಅದು ಯಾವ ಅವಳು ಎಂದು ಬಿಡಿಸಿ ಹೇಳಿದೆ. ಆಗ ಅವಳಿಗೂ ನಗು ಬಂತು, ಅಳುವೂ ನಿಲ್ಲಲಿಲ್ಲ, ಎರಡೂ ಸೇರಿ ಬಿಕ್ಕಳಿಕೆ ಹಿಡಿಯಿತು.

ನಾನು ಎದ್ದು ಹೋಗಿ ಡ್ರೈವರ್ ಸೀಟಿನ ಹಿಂದೆ ನಿಂತೆ. "ಬಂದವಳೆ ಅಂದರೇನಾಗುತ್ತಿತ್ತು ನಿಮಗೆ? ಒಂದು ಅಕ್ಷರಕ್ಕೆ ಒಂದು ಹುಡುಗಿಯ ಬಾಳು ಹಾಳು ಮಾಡಿದಿರಲ್ಲ."

"ಎಂಥ ಮಾತು ಮೇಡಮ್ಮೋರೇ," ಎಂದರು ಮರುಳಸಿದ್ದಯ್ಯನವರು ರಸ್ತೆ ನೋಡುತ್ತಲೇ. "ಆ ತಾಯಿಯವ್ರಿಗೆ ನಾನು ಅವಳು ಇವಳು ಅಂತ ಹೆಂಗನ್ನಲಿ?"

ಅಂದು ಸಂಜೆಯೇ ಹುಚ್ಚಣ್ಣನವರ ಮನೆಗೆ ಹೋದೆ. ಅವರು ಸಸಿಗಳಿಗೆ ನೀರು ಹಾಕುತ್ತಲೇ ನನ್ನ ಮಾತು ಕೇಳಿ ತಲೆ ಅಲ್ಲಾಡಿಸಿದರು. ಅಮ್ಮ ದೇಶ ಬಿಟ್ಟು ಹೋದಳೆಂದು ನಿಮ್ಮ ಶಾಲೆಯ ಗೋಡೆಯ ಮೇಲೇ ಬರೆದಿದೆ ಎಂದರು. ಸೀರೆಯನ್ನು ಕಣ್ಣಾರೆ ಕಂಡಿದ್ದೇನೆ ಎಂದರು. ಕೊನೆಗೆ ನನ್ನ ಗಂಟಲು ಏರಿದ್ದು ನೋಡಿ ಸ್ವಲ್ಪ ಇಳಿದರು.

"ಶನಿವಾರ ಸಸಿ ಇಳಿಸಾಕೆ ಅಮ್ಮಸಂದ್ರಕ್ಕೆ ಬತ್ತೀನಿ ಕಣವ್ವ. ವಾಪಸ್ ಬರೋವಾಗ ಅವನ ಬಾಯಿಂದ್ಲೇ ನನ್ನ ಕಿವೀಗೆ ಬೀಳ್ಲಿ. ಇಲ್ದಿದ್ರೆ ಭಾನುವಾರ ಅವರು ಬತ್ತಾರೆ, ಮುಗೀತು."

ಶನಿವಾರ ಬೆಳಿಗ್ಗೆ ಮರುಳಸಿದ್ದಯ್ಯನವರು ಬಾಳೆಹಣ್ಣಿನ ಚಿಪ್ಪನ್ನು ಕಿಟಕಿಯೊಳಗೆ ಕೊಟ್ಟು, ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿದರು. ಮಧ್ಯಾಹ್ನದ ಗಾಡಿಯಲ್ಲಿ ಹುಚ್ಚಣ್ಣನವರು ಬರುತ್ತಾರೆ, ಎಚ್ಚರವಾಗಿರಬೇಕು ಎಂದರು. ಬೀರಣ್ಣ ತಲೆಯಾಡಿಸಿದ. ಆದರೆ ಆ ಹೊತ್ತಿಗೇ ಅವನ ಕೈ ಕೊನೆಯ ಹಣ್ಣಿನ ಮೇಲಿತ್ತು. ಗುಳ್ಳೆಗಳು ಒಣಗಿ ಹಕ್ಕಳೆ ಕಟ್ಟುವ ಕಾಲ, ನವೆಗೆ ಅದೇ ಸುಗ್ಗಿ. ಮಾತ್ರೆಯಿಲ್ಲದೆ ಒಂದು ಮಧ್ಯಾಹ್ನ ಕಳೆಯುವುದು ಅವನಿಂದಾಗದ ಮಾತೆಂದು ನಾನು ಅಲ್ಲೇ ಆಸೆ ಬಿಟ್ಟೆ.

ಮಧ್ಯಾಹ್ನ ಬಸ್ಸು ಮನೆಯ ಮುಂದೆ ನಿಂತಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ಹಬ್ಬಿ, ಇಳಿಯಬೇಕಾದ ಊರು ದಾಟಿಹೋದರೂ ಇಳಿಯದೆ ಕುಳಿತವರಿದ್ದರು. ನಾನೂ ಹುಚ್ಚಣ್ಣನವರೂ ಕೆಳಗಿಳಿದೆವು. ಗಂಗ ಫುಟ್‌ಬೋರ್ಡಿನ ಮೇಲೆ ಕಂಬಿ ಹಿಡಿದು ನಿಂತಳು. ಸಿದ್ದಮ್ಮ ಹೊಸಲಿಗೆ ಬಂದರು.

"ಒಳಗಿರೋ ಅಮ್ಮಾವ್ರನ್ನ ಸ್ವಲ್ಪ ಕರೀರಿ," ಎಂದರು ಹುಚ್ಚಣ್ಣ.

"ಅಮ್ಮನ್ನ ಹಂಗೆಲ್ಲ ಕರೀಬಾರ್ದು ಕಣಪ್ಪ, ನಿನ್ನ ಮೈಗೇ ಬಂದಾಳು," ಎಂದರು ಸಿದ್ದಮ್ಮ.

ಅಷ್ಟರಲ್ಲಿ ಕಿಟಕಿಯ ಸರಳುಗಳ ಹಿಂದೆ ಒಂದು ಮುಖ ಮೂಡಿತು. ತಲೆಯ ಮೇಲೆ ನೀಲಿ ಅಂಚಿನ ಸೀರೆಯ ಸೆರಗು, ಅದರ ಕೆಳಗೆ ಚುಕ್ಕೆಚುಕ್ಕೆ ಹಣೆ, ಮುಳ್ಳುಹಂದಿಯಂಥ ಗಡ್ಡ, ಹುರಿಮೀಸೆ, ಮೀಸೆಯ ಕೆಳಗೆ ಹಿತ್ತಾಳೆ ಸೀಟಿ. ಬಸ್ಸು ಬಸ್ಸೇ ಘೊಳ್ಳೆಂದಿತು. ಒಂದು ಮುದುಕಿ ಮಾತ್ರ ಕಿಟಕಿಯಿಂದ ಕೈ ಹೊರಗೆ ಚಾಚಿ ಭಕ್ತಿಯಿಂದ ನಮಸ್ಕಾರ ಮಾಡಿತು.

ಹುಚ್ಚಣ್ಣ ನಗಲಿಲ್ಲ. ಕಣ್ಣಿಗೆ ಕಂಡದ್ದು ಸಾಲದು, ಕಿವಿಗೆ ಬೀಳಬೇಕಿತ್ತು. ತಲೆ ಓರೆ ಮಾಡಿ ಕೇಳಿದರು. "ಈ ಮನೇಲಿ ನಿಮ್ಮವ್ವನ್ನ ಬಿಟ್ಟು ಬ್ಯಾರೆ ಹೆಂಗ್ಸು ಯಾರಾದ್ರೂ ಅವಳೇನಪ್ಪ?"

ಬೀರಣ್ಣ ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಉದ್ದಕ್ಕೆ ಒಂದು ಸೀಟಿ ಬಂತು.

"ಹಂಗಂದ್ರೆ ಇಲ್ಲ ಅಂತ," ಎಂದು ಬಸ್ಸಿನವರೆಲ್ಲ ಒಟ್ಟಿಗೆ ಅರ್ಥ ಹೇಳಿದರು.

"ನನ್ನ ಮಗಳ್ನ ಕೊಟ್ರೆ ಚೆನ್ನಾಗಿ ನೋಡ್ಕತೀಯಾ?"

ಚಿಕ್ಕದಾಗಿ ಎರಡು.

"ರೈಟ್," ಎಂದಿತು ಬಸ್ಸು.

ಹುಚ್ಚಣ್ಣನವರು ಆ ಸದ್ದನ್ನು ಕಿವಿಯೊಳಗೆ ಒಮ್ಮೆ ಕುಲುಕಿ ನೋಡಿದಂತಿತ್ತು. ಮೆಲ್ಲಗೆ ಅವರ ಮುಖ ಸಡಿಲವಾಯಿತು. "ನೀರೈತೆ ಬುಡಿ," ಎಂದರು. ಚಪ್ಪಾಳೆ ಬಿತ್ತು. ಎಲ್ಲ ಮುಗಿಯಿತೆಂದು ನಾನು ಬಸ್ಸಿನ ಕಡೆ ತಿರುಗಿದೆ.

"ನಾನೂ ಒಂದ್ ಕೇಳ್ಬೇಕು," ಎಂದಳು ಗಂಗ.

ಅವಳ ದನಿ ಸಣ್ಣದು, ಆದರೂ ಎಲ್ಲರೂ ಸುಮ್ಮನಾದರು. ನಾನು ಕಿಟಕಿ ನೋಡಿದೆ. ಬೀರಣ್ಣ ಹಣೆಯನ್ನು ಸರಳಿಗೆ ಆನಿಸಿದ್ದ. ರೆಪ್ಪೆ ಇಳಿಯುತ್ತಿತ್ತು. ಹಾಳು ಮಾತ್ರೆ, ಇನ್ನೊಂದು ನಿಮಿಷ ತಡೆಯಬಾರದೇ ಎಂದು ಹಲ್ಲು ಕಡಿದೆ.

"ನಿಮ್ಮವ್ವ ಹೇಳ್ತು ಅಂತ ಅಲ್ಲ. ನಮ್ಮಪ್ಪ ಕೇಳ್ತು ಅಂತ ಅಲ್ಲ," ಎಂದಳು ಗಂಗ. "ನಿಮಗೇ ನಾನು ಬೇಕಾ?"

ಬೀರಣ್ಣನ ಕಣ್ಣು ಪೂರ್ತಿ ಮುಚ್ಚಿತ್ತು. ಇಂಜಿನ್ನಿನ ಗುರ್ ಸದ್ದು ಬಿಟ್ಟರೆ ಏನೂ ಇಲ್ಲ. ಗಂಗ ತಲೆ ತಗ್ಗಿಸಿದಳು.

ಆಗ ಬಂತು. ಚಿಕ್ಕದಾಗಿ, ಮೆತ್ತಗೆ, ಎರಡು.

ಗಂಗ ತಲೆ ಎತ್ತಿದ್ದನ್ನು ನಾನು ನೋಡಿದೆ, ಅವಳ ಮುಖ ನೋಡಲಾಗಲಿಲ್ಲ. ಏಕೆಂದರೆ ಡಬಲ್ ಸೀಟಿ ಕೇಳಿದ ಮರುಳಸಿದ್ದಯ್ಯನವರ ಕಾಲು ತನ್ನ ಕೆಲಸ ಮಾಡಿತ್ತು. ಬಸ್ಸು ಗಂಗಳನ್ನೂ ಚಪ್ಪಾಳೆಯನ್ನೂ ಹೊತ್ತುಕೊಂಡು ಹೊರಟುಹೋಯಿತು. ನಾನೂ ಹುಚ್ಚಣ್ಣನವರೂ ಧೂಳಿನಲ್ಲಿ ಕೂಗುತ್ತ ಅದರ ಹಿಂದೆ ಓಡಿದೆವು. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಓಡುತ್ತಲೇ ಹುಚ್ಚಣ್ಣನವರು ಪಕಪಕನೆ ನಗುತ್ತಿದ್ದರು.

ಮದುವೆಯಾಯಿತು. ಬೀರಣ್ಣನ ಕೆನ್ನೆಯ ಮೇಲೆ ಒಂದೂ ಕಲೆ ಉಳಿಯಲಿಲ್ಲ, ಅದಕ್ಕೆ ಸಿದ್ದಮ್ಮ ಅಮ್ಮನಿಗೆ ಮೊಸರನ್ನ, ತಂಬಿಟ್ಟು ಇಟ್ಟು ಪೂಜೆ ಮಾಡಿದರು, ನಾನು ಡಾಕ್ಟರಿಗೆ ಎಳನೀರು ಕಳಿಸಿದೆ. ಆದರೆ ಗಂಗಳ ಮನಸ್ಸಿನಲ್ಲಿ ಆ ಮೂರನೆಯ ಉತ್ತರ ಮುಳ್ಳಾಗಿ ಉಳಿದುಬಿಟ್ಟಿತು. ಅವನು ಕೇಳಿಸಿಕೊಂಡು ಊದಿದ್ದೋ, ಮಾತ್ರೆಯ ಮಂಪರಿನಲ್ಲಿ ನಿಂತ ಬಸ್ಸಿಗೆ ಅಭ್ಯಾಸದಿಂದ ರೈಟ್ ಕೊಟ್ಟಿದ್ದೋ? ಹಿಂದೆ ಒಂದು ಸಲ ಗೊರಕೆಯ ನಡುವೆ ಊದಿದ್ದನ್ನು ಅವಳೂ ಕಂಡಿದ್ದಳು. ಕೇಳಿದರೆ ಬೀರಣ್ಣ ಹಲ್ಲು ಕಿರಿದು ಟೈರು ಒದೆಯಲು ಹೋಗುತ್ತಿದ್ದ. ಎಲ್ಲರ ಮುಂದೆ ಅವಳು, "ನಮ್ಮದು ನಿದ್ದೆಗಣ್ಣಿನ ಮದುವೆ," ಎಂದು ನಗಿಸುತ್ತಿದ್ದಳು. ಒಮ್ಮೆ ಮಾತ್ರ ನನ್ನ ಕೈ ಹಿಡಿದು, "ನಗ್ತೀನಿ ಅಕ್ಕ, ಆದ್ರೆ ಬೇಜಾರಾಯ್ತದೆ. ಅದೊಂದು ಮಾತು ನಂದಾ ಅಲ್ವಾ ಅಂತ ಇವತ್ತಿಗೂ ಗೊತ್ತಿಲ್ಲ," ಎಂದಳು. ನನಗೂ ಬೇಜಾರಾಯಿತು. ಬೀರಣ್ಣನನ್ನು ಮುಂದಿನ ವಾರವೆಲ್ಲ ಸುಮ್ಮಸುಮ್ಮನೆ ಬೈದೆ.

ಹಲವು ವರ್ಷಗಳಾದ ಮೇಲೆ ಅವರ ಮಗಳಿಗೆ ಸೀತಾಳೆ ಬಂತು. ನಾನು ನೋಡಲು ಹೋದೆ. ಕಾಲ ಬದಲಾಗಿತ್ತು. ಬಾಗಿಲಿಗೆ ಬೇವೂ ಇತ್ತು, ಗೂಡಿನಲ್ಲಿ ಹಳದಿ ಮಾತ್ರೆಯೂ ಎಲ್ಲರಿಗೂ ಕಾಣುವ ಹಾಗೇ ಇತ್ತು. ಮಗು ಕಹಿ ಎಂದು ಹಟ ಹಿಡಿದಾಗ ಗಂಗ ಬಾಳೆಹಣ್ಣು ಸೀಳಿ ಮಾತ್ರೆಯನ್ನು ಅದರೊಳಗೆ ಇಟ್ಟಳು. ಮೂಲೆಯಲ್ಲಿ ಕುಳಿತಿದ್ದ ಸಿದ್ದಮ್ಮ ನೋಡುತ್ತಲೇ ಇದ್ದರು.

"ಮಗೀಗೆ ಕೊಡು, ಮೇಕೆಗೆ ಕೊಟ್ಟೀಯ ಮತ್ತೆ," ಎಂದರು.

"ಮೇಕೆಗಾ? ಮೇಕೆಗೆ ಯಾಕತ್ತೆ ಕೊಡ್ತೀನಿ?"

"ನಿನ್ನ ಗಂಡ ಕೊಟ್ಟಿರ್ನಿಲ್ವಾ. ನೀವೆಲ್ಲ ಬಸ್ಸು ನಿಲ್ಲಿಸ್ಕಂಡು ಪರೀಕ್ಷೆ ಮಾಡಿದ್ರಲ್ಲ, ಅವತ್ತು ಬೆಳಿಗ್ಗೆ. ಕೊನೇ ಹಣ್ಣನ್ನ ಸಿಪ್ಪೆ ಸಮೇತ ಕಿಟಕಿಯಿಂದ ಮರೀಗೆ ತಿನ್ನಿಸ್ತಾ ಇದ್ದ, ನಾನೇ ನೋಡಿದ್ನಿ. ಮರಿ ನಿಂತಂಗೇ ತೂಗಿ ತೂಗಿ ಬಿದ್ಕಂಡಿದ್ದು, ದೀಪ ಹಚ್ಚೋ ಹೊತ್ತಿಗೆ ಎದ್ದಿದ್ದು. ಅಮ್ಮ ಮೇಕೆ ಮ್ಯಾಕೂ ಬಂದ್ಲು ಅಂತ ಅದಕ್ಕೆ ಅರಿಶಿನದ ನೀರು ಹಾಕ್ದೆ. ಆ ಡ್ರೈವರಪ್ಪ ಹಣ್ಣಿನ ಕತೆ ಹೇಳಿದ್ಮ್ಯಾಗೆ ನಂಗೆ ತಿಳೀತು. ಇವನು ಅವತ್ತೆಲ್ಲ ನವೆ ತಡೀಲಾರ್ದೆ ಗೋಡೆಗೆ ಬೆನ್ನು ಉಜ್ಜಿ ಉಜ್ಜಿ ಸುಣ್ಣ ಎಲ್ಲ ಉದುರಿಸಿದ್ದ."

ಗಂಗಳ ಕೈಯಲ್ಲಿ ಹಣ್ಣು ಹಾಗೇ ನಿಂತಿತು. ಮಾತ್ರೆ ಮೇಕೆಯ ಹೊಟ್ಟೆಗೆ ಹೋಗಿದ್ದರೆ ಆ ಮಧ್ಯಾಹ್ನ ಮಂಪರು ಎಲ್ಲಿಂದ ಬಂತು?

ಬೀರಣ್ಣ ಆಗತಾನೇ ಡ್ಯೂಟಿ ಮುಗಿಸಿ ಬಂದು ಹೊಸಲಲ್ಲಿ ನಿಂತಿದ್ದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು. ಅವನ ಕೈ ಸೀಟಿಯ ಕಡೆ ಹೋಯಿತು.

"ಅದನ್ನ ಮುಟ್ಬೇಡಿ," ಎಂದಳು ಗಂಗ. "ಬಾಯಲ್ಲಿ ಹೇಳಿ. ನೀವು ಎಚ್ಚರ ಇದ್ರಾ?"

"ಇದ್ದೆ."

"ಮತ್ತೆ ಕಣ್ಣು ಯಾಕೆ ಮುಚ್ಕಂಡಿದ್ರಿ?"

ತಲೆಯಲ್ಲಿ ನರೆ ಬಂದಿದ್ದ ಆ ಆರಡಿ ಗಂಡಸು ಕಿವಿಯವರೆಗೂ ಕೆಂಪಾದ. ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಕಣ್ ಬುಟ್ಕಂಡು ನಿನ್ನ ಮುಖ ನೋಡ್ತಾ ಊದಾಕೆ ನಾಚ್ಕೆ ಆಯ್ತು ಕಣೇ," ಎಂದ.

ಗಂಗ ಹಣ್ಣನ್ನು ಮಗಳ ಕೈಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಎಣ್ಣೆ ಕಾದ ವಾಸನೆ ಬಂತು, ಸಾಸಿವೆ ಚಟಪಟ ಸಿಡಿಯಿತು. ಏನು ಮಾಡುತ್ತಿದ್ದೇನೆಂಬ ಪರಿವೆಯೇ ಅವಳಿಗೆ ಇದ್ದಂತಿರಲಿಲ್ಲ. "ಅಮ್ಮ ಇರೋ ಮನೇಲಿ ಒಗ್ಗರಣೆ ಹಾಕ್ತಾವಳಲ್ಲಪ್ಪೋ," ಎಂದು ಸಿದ್ದಮ್ಮ ಕೂಗಿಕೊಂಡರು. ಬೀರಣ್ಣ ಆಗಲೇ ಅಡುಗೆಮನೆಯ ಬಾಗಿಲಲ್ಲಿದ್ದ, ಅವನಿಗೂ ಕೇಳಿಸಲಿಲ್ಲ.